ಕ್ರಮಾಂಕ ನಲವತ್ನಾಲ್ಕು

ಮಂಗಗಳನ್ನು ಬಿಟ್ಟುಬಿಡುವ ಮಾತನ್ನು ಡಾಕ್ಟರ್ ಬಸವಂತರಾಯರು ತೆಗೆದದ್ದು ಒಂದು ಗುರುವಾರ ಚಹಾ ಕುಡಿಯುತ್ತ, ಮುರಿದ ಕುರ್ಚಿಯನ್ನು ಹೊರಗೆ ಹಾಕಿಸುವ ಮಾತಿನಷ್ಟು ಹಗುರವಾಗಿ.

"ಪ್ರಾಜೆಕ್ಟ್ ಮುಗೀತು. ಸೋಮವಾರ ಅಫಜಲಪುರದಿಂದ ಲಾರಿ ಬರ್ತದ. ಎಲ್ಲೆಲ್ಲಿ ಹಿಡಿದಿದ್ವಿ ಅಲ್ಲಲ್ಲೇ ಸೈದಪ್ಪ ಬಿಟ್ಟು ಬರ್ಲಿ. ನೀವು ಒಂದೊಂದಕ್ಕೂ ಒಂದು ಆರೋಗ್ಯದ ಚೀಟಿ ಬರ್ದಿಡ್ರಿ ಬೇಗಂ ಅವ್ರ, ನಾನು ಸಹಿ ಮಾಡ್ತೇನಿ."

ಗೌಸಿಯಾಬೇಗಂಳ ಕೈಯಲ್ಲಿದ್ದ ಸೂಕ್ಷ್ಮದರ್ಶಕದ ಗಾಜಿನ ಪಟ್ಟಿ ಅಲ್ಲೇ ನಿಂತಿತು. ಅವಳು ಆಳಂದದವಳು. ಗುಲ್ಬರ್ಗಾದಲ್ಲಿ ಲ್ಯಾಬ್ ಕೆಲಸ ಕಲಿತು, ಗಂಡ ತೀರಿಕೊಂಡ ಮೇಲೆ ಈ ನೌಕರಿ ಹಿಡಿದು ಜೇವರ್ಗಿಯಲ್ಲೇ ಒಂದು ಖೋಲಿ ಮಾಡಿಕೊಂಡಿದ್ದಳು. ನೆಲೋಗಿ ರಸ್ತೆಯ ಬದಿಗೆ, ಮುಚ್ಚಿಹೋದ ಹತ್ತಿ ಜಿನ್ನಿಂಗ್ ಮಿಲ್ಲಿನ ಗೋದಾಮಿನಲ್ಲಿ ಒಂದು ಖಾಸಗಿ ಸಂಸ್ಥೆ ಈ ಪ್ರಯೋಗಶಾಲೆ ನಡೆಸುತ್ತಿತ್ತು. ಸುತ್ತಲಿನ ಜನ ಅದಕ್ಕೆ 'ಮಂಗ್ಯಾನ ದವಾಖಾನಿ' ಎನ್ನುತ್ತಿದ್ದರು. ಅಲ್ಲಿ ಯಾವ ಮಂಗಕ್ಕೂ ಔಷಧ ಕೊಡುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕೊಡುತ್ತಿದ್ದದ್ದು ರೋಗ.

ನಲವತ್ಮೂರು ಮಂಗಗಳಿದ್ದವು. ಅದರಲ್ಲಿ ಇಪ್ಪತ್ತೆರಡಕ್ಕೆ ಒಂದು ವೈರಸ್ ಚುಚ್ಚಲಾಗಿತ್ತು; ಉಳಿದವನ್ನು ಹೋಲಿಸಿ ನೋಡಲು ಹಾಗೇ ಇಟ್ಟಿದ್ದರು. ಕೊಲ್ಲುವ ವೈರಸ್ ಅಲ್ಲ ಅದು, ಬಿಟ್ಟುಹೋಗುವುದೂ ಅಲ್ಲ. ಮೊದಲ ತಿಂಗಳು ರಕ್ತದ ತುಂಬ ಅದೇ ಇರುತ್ತಿತ್ತು. ಆಮೇಲೆ ಮೈಯೊಳಗಿನ ಒಂದು ಬಗೆಯ ಬಿಳಿ ರಕ್ತಕಣಗಳು ಹೆಚ್ಚಾಗಿ, ವೈರಸ್ ಹೊಕ್ಕ ಜೀವಕೋಶಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದವು. ರಕ್ತ ತಿಳಿಯಾಗುತ್ತಿತ್ತು. ಮಂಗ ಶೇಂಗಾ ತಿನ್ನುತ್ತಿತ್ತು, ಜಗಳಾಡುತ್ತಿತ್ತು, ಮರಿ ಹಾಕುತ್ತಿತ್ತು. ಆ ಕೊಲ್ಲುವ ಕಣಗಳಿಗೆ ಬಣ್ಣ ಹಚ್ಚಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಮೂಲೆಯಲ್ಲಿ ಕೂತು, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಎಣಿಸುವುದು ಗೌಸಿಯಾಬೇಗಂಳ ಕೆಲಸ. ನಾಲ್ಕು ವರ್ಷ ಎಣಿಸಿದ್ದಳು.

"ಸರ್, ಆರೋಗ್ಯದ ಚೀಟಿ ಹ್ಯಾಂಗ್ ಬರೀಲಿ?" ಎಂದಳು. "ಇಪ್ಪತ್ತೆರಡರೊಳಗ ವೈರಸ್ ಅದ."

"ಎಲ್ಲದ? ವರ್ಷದಿಂದ ಒಂದರ ರಕ್ತದಾಗೂ ಸಿಕ್ಕಿಲ್ಲ."

"ರಕ್ತದಾಗ ಇಲ್ಲ. ಕಂಕುಳ ಗಂಟಿನಾಗ ಅದ, ಕರುಳಿನಾಗ ಅದ. ಹೋದ ವರ್ಷ ಆರು ಮಂಗಕ್ಕ ಆ ಸೀರಂ ಕೊಟ್ಟು ಕೊಲ್ಲೋ ಕಣ ತೆಗದು ನೋಡಿದ್ವೆಲ್ಲ. ಎಂಟು ದಿನದಾಗ ವೈರಸ್ ಹೊಳ್ಳಿ ಬಂತು. ನಾನೇ ಎಣಿಸೀನಿ. ನೀವು ಅದನ್ನೇ ಲೇಖನ ಬರ್ಯಾಕತ್ತೀರಿ."

ಬಸವಂತರಾಯರು ಚಹಾದ ಕಪ್ಪು ಕೆಳಗಿಟ್ಟರು. ಅವರು ಇಜೇರಿ ಕಡೆಯ ದೊಡ್ಡ ಮನೆತನದವರು. ಎಂದೂ ದನಿ ಏರಿಸಿದವರಲ್ಲ. "ಅದು ಪ್ರಯೋಗ. ಅಡವ್ಯಾಗ ಅವಕ್ಕ ಸೀರಂ ಯಾರು ಕೊಡ್ತಾರ?"

"ಮುಪ್ಪು ಕೊಡ್ತದ. ಬಸುರು ಕೊಡ್ತದ. ಈ ಬ್ಯಾಸಿಗ್ಯಾಗ ಒಂದು ವಾರ ನೀರಿಲ್ದ ತಿರುಗಿದ್ರ ಸಾಕು, ಕಣ ಇಳೀತಾವ. ಚೌಡಾಪುರ ಬಸ್‌ಸ್ಟ್ಯಾಂಡಿನಾಗ ಹಿಡಿದು ತಂದವು ಅವು, ಮಂದಿ ಕೈಯಾಗಿಂದು ಕಸ್ಕೊಂಡು ತಿಂತಾವ ಸರ್. ಕಚ್ಚತಾವ."

"ಮನುಷ್ಯಾರಿಗೆ ಇದು ಹತ್ತಂಗಿಲ್ಲ."

"ಹತ್ತಂಗಿಲ್ಲ ಅಂತ ಯಾರು ನೋಡ್ಯಾರ?"

ಅವರು ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ, "ಚೀಟಿ ಬರೀರಿ," ಎಂದು ಎದ್ದು ಹೋದರು.

ಆ ನೋಟ ಏನಿತ್ತು ಎಂದು ಅವಳಿಗೆ ತಿಳಿದದ್ದು ಮರುದಿನ. ಚೀಟಿಗೆ ಬೇಕಾದ ವಿವರ ವಿದೇಶದ ಲ್ಯಾಬಿನ ಪತ್ರಗಳಲ್ಲಿವೆ, ತೆಗೆದುಕೊಳ್ಳಿರಿ ಎಂದು ರಾಯರೇ ಕಪಾಟಿನ ಕೀಲಿ ಕೊಟ್ಟು ಗುಲ್ಬರ್ಗಾಕ್ಕೆ ಹೋಗಿದ್ದರು. ಅವರು ಹೇಳಿದ ಫೈಲಿನ ಕೆಳಗೆ ಇನ್ನೊಂದು ಫೈಲು ಇತ್ತು. ಎರಡೂ ಒಂದೇ ಬಣ್ಣದವು. ಗೌಸಿಯಾಬೇಗಂ ಎರಡನ್ನೂ ಮೇಜಿನ ಮೇಲೆ ಹರಡಿಕೊಂಡು ಪಟ್ಟಿ ಓದತೊಡಗಿದಳು. ನಲವತ್ತೊಂದು, ನಲವತ್ತೆರಡು, ನಲವತ್ಮೂರು. ಅದರ ಕೆಳಗೆ ಇನ್ನೊಂದು ಸಾಲು.

ಕ್ರಮಾಂಕ ನಲವತ್ನಾಲ್ಕು. ಗಂಡು. ತೂಕ ಐವತ್ತೆಂಟು ಕಿಲೊ.

ಟೈಪು ಮಾಡುವವನ ತಪ್ಪು ಎಂದುಕೊಂಡಳು. ಅವರ ಅತಿ ದೊಡ್ಡ ಗಂಡುಮಂಗದ ತೂಕ ಒಂಬತ್ತು ಕಿಲೊ. ಐದೋ ಎಂಟೋ ಆಗಿರಬೇಕು. ಮುಂದೆ ಓದಿದಳು. ಸೋಂಕು ತಗಲಿದ ಬಗೆ: ಕಚ್ಚಿದ ಗಾಯ, ಬಲ ಮುಂಗೈ, ಹದಿನೇಳನೆಯ ಪ್ರಾಣಿಯಿಂದ. ದಿನಾಂಕ: ಹಿಂದಿನ ವರ್ಷದ ಫೆಬ್ರವರಿ ಹನ್ನೆರಡು. ಆ ಮೇಲೆ ತಿಂಗಳಿಗೊಂದರಂತೆ ಹದಿಮೂರು ಮಾದರಿಗಳು.

ಫೆಬ್ರವರಿ ಹನ್ನೆರಡರಂದು ಹದಿನೇಳನೆಯ ಮಂಗ, ಅವುಗಳನ್ನು ನೋಡಿಕೊಳ್ಳುವ ಸೈದಪ್ಪನ ಮುಂಗೈ ಕಚ್ಚಿ ಮಾಂಸ ಕಿತ್ತಿತ್ತು. ಸೀರಂ ಕೊಟ್ಟು ಕಣ ತೆಗೆದ ಆರರಲ್ಲಿ ಅದೂ ಒಂದು. ಆ ವಾರ ಅದರ ರಕ್ತ, ಜೊಲ್ಲು ಎಲ್ಲ ವೈರಸ್ಸಿನಿಂದ ತುಂಬಿದ್ದವು. ಗಾಯ ತೊಳೆದು ಪಟ್ಟಿ ಕಟ್ಟಿದವಳು ಅವಳೇ. ತಿಂಗಳು ತಿಂಗಳು ಅವನ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆದವಳೂ ಅವಳೇ. 'ಸೈದಪ್ಪ ಸೊರಗ್ಯಾನ, ರಕ್ತ ಕಡಿಮಿ ಆಗ್ಯಾದೇನೋ ನೋಡೋಣ' ಎಂದು ರಾಯರು ಹೇಳಿದ್ದರು. ಅವಳು ನಂಬಿದ್ದಳು. ಸೈದಪ್ಪ ಅವಳನ್ನು ನಂಬಿದ್ದ.

ಪತ್ರದಲ್ಲಿ ಫಲಿತಾಂಶವಿತ್ತು. ಮೂರನೆಯ ಮಾದರಿಯಿಂದ ಆಚೆಗೆ, ಈ ವೈರಸ್ಸನ್ನೇ ಗುರುತು ಹಿಡಿಯುವ ಕೊಲ್ಲುವ ಕಣಗಳು ಅವನ ರಕ್ತದಲ್ಲಿ ಕಾಣಿಸಿಕೊಂಡಿದ್ದವು. ವೈರಸ್ ಕಂಡಿರಲಿಲ್ಲ. ಕಣಗಳಿವೆ ಅಂದರೆ ವೈರಸ್ ಅವನ ಮೈಯನ್ನು ಹೊಕ್ಕಿದ್ದು ನಿಜ. ಅಳಿದುಹೋಗಿದೆಯೋ, ಮಂಗಗಳಲ್ಲಿ ಕೂತಂತೆ ಎಲ್ಲಾದರೂ ಕೂತಿದೆಯೋ, ಅದು ಯಾರಿಗೂ ಗೊತ್ತಿಲ್ಲ. ಅಂಚಿನಲ್ಲಿ ರಾಯರ ದುಂಡು ಅಕ್ಷರದಲ್ಲಿ ಎರಡು ಪದ: 'ಕುತೂಹಲಕರ. ಮುಂದುವರಿಸುವುದು.'

ಗೌಸಿಯಾಬೇಗಂಳಿಗೆ ಅಳು ಬರಲಿಲ್ಲ. ಬಂದದ್ದು ಎಂಥ ಸಿಟ್ಟೆಂದರೆ, ಕೈಗೆ ಸಿಕ್ಕ ಗಾಜಿನ ಪಟ್ಟಿಗಳ ಡಬ್ಬಿಯನ್ನು ಎತ್ತಿ ಗೋಡೆಗೆ ಬೀಸಿದಳು. ನಾಲ್ಕು ವರ್ಷಗಳಲ್ಲಿ ಒಂದು ಗಾಜನ್ನೂ ಒಡೆಯದವಳು. ಸದ್ದು ಕೇಳಿ ಸೈದಪ್ಪ ಬಾಗಿಲಿಗೆ ಬಂದ.

"ಏನಾತ್ರಿ ಬಾಯಾರ?"

ಸೈದಪ್ಪ ಚೌಡಾಪುರದವನು, ಐವತ್ತು ದಾಟಿದವನು. ಮಂಗ ಹಿಡಿಯುವುದರಲ್ಲಿ ಅವನ ಸಮ ಇರಲಿಲ್ಲ. ಪಂಜರದೊಳಗೆ ಶೇಂಗಾ ಹರಡಿ, ಹಗ್ಗ ಹಿಡಿದು ಅರ್ಧ ದಿನ ಅಲ್ಲಾಡದೆ ಕೂರುತ್ತಿದ್ದ. ಹಿಡಿದ ಮೇಲೆ ಅವುಗಳ ಊಟ, ನೀರು, ಹೇಲು ಎಲ್ಲ ಅವನದೇ. ಶನಿವಾರ ಒಪ್ಪತ್ತು ಮಾಡುತ್ತಿದ್ದ, ಹಣಮಪ್ಪನ ಜಾತಿಯನ್ನು ಹಿಡಿದು ಕೂಡಿಹಾಕಿದ ತಪ್ಪಿಗೆ.

"ಸೈದಪ್ಪ ಕಾಕಾ, ಒಳಗ ಬಾ. ಕುಂಡ್ರು," ಎಂದಳು. ಅವನು ಎಂದೂ ಆ ಕೋಣೆಯಲ್ಲಿ ಕೂತವನಲ್ಲ. ಒತ್ತಾಯ ಮಾಡಿ ಸ್ಟೂಲಿನ ಮೇಲೆ ಕೂರಿಸಿದಳು. ಪಟ್ಟಿಯನ್ನು ಮುಂದಿಟ್ಟು, ಬೆರಳಿಟ್ಟು ಕೊನೆಯ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದಳು. ಯಾವುದನ್ನೂ ಮುಚ್ಚಲಿಲ್ಲ.

ಸೈದಪ್ಪ ಮುಂಗೈಯ ಗಾಯದ ಕಲೆಯನ್ನು ಹೆಬ್ಬೆರಳಿನಿಂದ ಒತ್ತಿಕೊಂಡ. "ಅಂದ್ರ, ಹದಿನೇಳರ ರೋಗ ನನಗ ಬಂದದ."

"ಬಂದಿತ್ತು. ನಿನ್ನ ಮೈಯಾಗಿನ ಕಣ ಅದನ್ನ ಒತ್ತಿ ಹಿಡಿದಾವ. ಪೂರಾ ಹೋಗ್ಯಾದೋ ಇಲ್ಲೋ ನನಗ ತಿಳೀದು. ಸುಳ್ಳು ಹೇಳಂಗಿಲ್ಲ."

"ಮಲ್ಕಮ್ಮಗ?"

ಮಲ್ಕಮ್ಮ ಅವನ ಹೆಂಡತಿ. "ಆಕೀದೂ ನೋಡಬೇಕು," ಎಂದಳು ಗೌಸಿಯಾಬೇಗಂ, ನೆಲ ನೋಡುತ್ತ.

ಆಚೆ ಗೋದಾಮಿನಲ್ಲಿ ಮಂಗಗಳು ನೀರಿಗಾಗಿ ತಟ್ಟೆ ಬಡಿಯುತ್ತಿದ್ದವು. ಸೈದಪ್ಪ ಅತ್ತ ನೋಡುತ್ತ ಅಂದ: "ಮಂಗ್ಯಾಗಳಿಗರ ನಂಬರ್ ಕೊಳ್ಳಾಗ ಕಟ್ಟಿದ್ರಿ, ಕಾಣ್ತಿತ್ತು. ನನಗ ಎಲ್ಲಿ ಕಟ್ಟಿದ್ರಿ ಬಾಯಾರ?"

"ನನಗೂ ಗೊತ್ತಿರ್ಲಿಲ್ಲ ಕಾಕಾ."

"ಸೂಜಿ ಹಿಡ್ದಾಕಿ ನೀವು." ಅವನು ದನಿ ಏರಿಸದೆ ಹೇಳಿದ. "ಹದಿಮೂರು ಸಲ. ಪ್ರತಿ ಸಲ ಕೇಳೇನಿ, ಯಾಕ್ರಿ ಅಂತ. ನಿನ್ನ ಒಳ್ಳೇದಕ್ಕ ಅಂದ್ರಿ. ನಾನು ಮಂಗ್ಯಾಗೂ ಹಂಗೇ ಹೇಳ್ತಿದ್ನಿ, ಹಗ್ಗ ಎಳಿಯೂಮುಂದ."

ಮಾಫಿ ಕೇಳಿದರೆ ಅವನು ಮಾಫಿ ಮಾಡಬೇಕಾಗುತ್ತದೆ, ಆ ಭಾರವನ್ನೂ ಅವನ ಮೇಲೆ ಹಾಕಬಾರದು ಅನ್ನಿಸಿತು. "ಹೌದು. ನಾನೇ ಚುಚ್ಚಿದೆ," ಎಂದಷ್ಟೇ ಹೇಳಿದಳು.

ಸೈದಪ್ಪ ಎದ್ದು ಹೋಗಿ ಮಂಗಗಳಿಗೆ ನೀರು ಹಾಕಿದ. ಆಮೇಲೆ ಹೊರಳಿ ಬಂದು ಬಾಗಿಲಲ್ಲಿ ನಿಂತು ಕೇಳಿದ: "ಸೋಮವಾರ ಬಿಟ್ಟು ಬಾ ಅಂದಾರ, ಚೌಡಾಪುರದಾಗ. ನಮ್ಮೂರಾಗ. ಕೂಸುಗಳ ಕೈಯಾಗಿನ ಬಾಳಿಹಣ್ಣು ಕಸ್ಕೊಳ್ತಾವ ಅವು. ಬಿಡಬೇಕೇನು?"

"ಬಿಡಬಾರ್ದು."

"ಹಂಗಾರ ಬಿಡಂಗಿಲ್ಲ," ಎಂದು ಗೋದಾಮಿನ ಕೀಲಿಗೊಂಚಲನ್ನು ಗೂಟದಿಂದ ತೆಗೆದು ಉಡದಾರಕ್ಕೆ ಕಟ್ಟಿಕೊಂಡ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಲಾರಿ ಬಂತು. ಅದರ ಹಿಂದೆಯೇ ರಾಯರ ಜೀಪು. ಲಾರಿಯ ಚಾಲಕ ಜಹೀರುದ್ದೀನ ಎಂಬ ಅಫಜಲಪುರದ ನಡುವಯಸ್ಸಿನವನು ಕೆಳಗಿಳಿದು ಹಿಂದಿನ ಹಲಗೆಯ ಫಳಿ ಬಿಚ್ಚತೊಡಗಿದ. ಗೋದಾಮಿನ ಬಾಗಿಲಿಗೆ ಬೀಗ ಹಾಕಿತ್ತು. ಅದರ ಮುಂದೆ ಸೈದಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಗೌಸಿಯಾಬೇಗಂ ಬದಿಗೆ ನಿಂತಿದ್ದಳು, ಎರಡೂ ಫೈಲುಗಳನ್ನು ಎದೆಗೆ ಅವಚಿಕೊಂಡು.

"ಬೀಗ ತೆಗಿ ಸೈದಪ್ಪ," ಎಂದರು ರಾಯರು.

"ನಂಬರ್ ಹಿಡ್ದು ಕರೀರಿ ಸಾಹೇಬ್ರ," ಎಂದ ಅವನು. "ನಲವತ್ನಾಲ್ಕು ಅನ್ರಿ. ಏಳ್ತೇನಿ."

ರಾಯರ ಕಣ್ಣು ಫೈಲಿನ ಕಡೆ ಹೋಯಿತು. ಆದರೂ ಅವರು ಮೆಲ್ಲನೆಯ ದನಿಯಲ್ಲೇ ಹೇಳಿದರು: "ಬೇಗಂ ಅವ್ರ, ಅದು ಸಂಸ್ಥೆಯ ಕಾಗದ. ನೀವು ತಪ್ಪು ತಿಳ್ಕೊಂಡೀರಿ. ಅವನಿಗೆ ಏನೂ ಆಗಿಲ್ಲ. ಆಗಿದ್ರ ಮೊದಲು ನಾನೇ ದವಾಖಾನಿಗೆ ಕಳಸ್ತಿದ್ದೆ. ಸುಮ್ನ ಹೆದರಸ್ಬಾರ್ದು ಅಂತ ಹೇಳ್ಲಿಲ್ಲ."

"ಹೆದರಸ್ಬಾರ್ದು ಅಂತಲ್ಲ," ಎಂದಳು ಅವಳು. ಮೂರು ದಿನ ಒಳಗೇ ಕುದ್ದದ್ದೆಲ್ಲ ಈಗ ಬಾಯಿಗೆ ಬಂತು. "ಹೇಳಿದ್ರ ಎದ್ದು ಹೋಗ್ತಾನ, ರಕ್ತ ಸಿಗಂಗಿಲ್ಲ ಅಂತ. ಕುತೂಹಲಕರ ಅಂತ ಬರ್ದೀರಿ ಸರ್. ಮನುಷ್ಯಾನ ಮುಂದ ಕುಂತು ದಿನಾ ಚಾ ಕುಡ್ದು ಹಂಗ ಬರ್ದೀರಿ. ಮನುಷ್ಯಾರಿಗೆ ಹತ್ತಂಗಿಲ್ಲ ಅಂತ ಗುರುವಾರ ನನ್ನ ಮುಂದ ಅಂದಾಗ ಹದಿಮೂರು ಕಾಗದ ನಿಮ್ಮ ಕಪಾಟಿನಾಗ ಇದ್ವು. ಲೇಖನದಾಗ ವೈರಸ್ ಜೀವಂತ ಅದ ಅಂತ ಬರೀತೀರಿ, ಚೀಟ್ಯಾಗ ಸತ್ತದ ಅಂತ ನನ್ನ ಕೈಲೆ ಬರಸ್ತೀರಿ. ಎರಡೂ ನಿಮ್ಮ ಸಹೀನೇ. ಯಾವ ಸಹಿ ಸುಳ್ಳು, ಇವರ ಮುಂದ ಹೇಳ್ರಿ."

ಜಹೀರುದ್ದೀನ ಫಳಿ ಬಿಚ್ಚುವುದನ್ನು ನಿಲ್ಲಿಸಿ ಹತ್ತಿರ ಬಂದಿದ್ದ. "ಏನ್ ರೋಗರಿ ಬಾಯಿ?" ಎಂದು ಕೇಳಿದ.

ಅವಳು ಅವನಿಗೂ ಹೇಳಿದಳು. ಸೈದಪ್ಪ ಮುಂಗೈ ಎತ್ತಿ ಕಲೆ ತೋರಿಸಿದ. ಜಹೀರುದ್ದೀನ ಅದನ್ನು ನೋಡಿ, ಗೋದಾಮಿನ ಜಾಲರಿಯೊಳಗೆ ಅತ್ತಿತ್ತ ಓಡುತ್ತಿದ್ದ ಮಂಗಗಳನ್ನು ನೋಡಿ, ಹೋಗಿ ಫಳಿಯನ್ನು ಮತ್ತೆ ಮೇಲೆತ್ತಿ ಚಿಲಕ ಹಾಕಿದ.

"ಜವಾರಿ ಜೋಳ ಹೇರೋ ಗಾಡಿ ಅದ ಸಾಬ್," ಎಂದ. "ಮಂದಿ ಉಣ್ಣೋ ಮಾಲು. ಈ ಕೆಲ್ಸ ನನ್ನ ಕೈಲೆ ಆಗಂಗಿಲ್ಲ."

"ಮುಂಗಡ ತಗೊಂಡೀಯಲ್ಲ?"

"ಸಂಜಿಗೆ ತಂದು ಮುಟ್ಟಸ್ತೇನಿ." ಗಾಡಿ ಹತ್ತಿ ತಿರುವಿಕೊಂಡು ಹೋದ.

ಧೂಳು ಇಳಿದ ಮೇಲೆ ಬಸವಂತರಾಯರು ಇಬ್ಬರ ಕೆಲಸವೂ ಈಗಿಂದೀಗಲೇ ಮುಗಿಯಿತೆಂದು ಹೇಳಿದರು. ಪೊಲೀಸರನ್ನು ಕರೆಸುವ ಮಾತಾಡಿದರು. "ಕರೀರಿ," ಎಂದಳು ಗೌಸಿಯಾಬೇಗಂ. "ಅವರಿಗೂ ಓದಿ ಹೇಳ್ತೇನಿ." ಜೀಪು ಜೇವರ್ಗಿ ಕಡೆ ಹೋಯಿತು, ಪೊಲೀಸರು ಬರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಅವಳು ಫೈಲುಗಳೊಂದಿಗೆ ಗುಲ್ಬರ್ಗಾಕ್ಕೆ ಹೊರಟಳು. ಕೆಲಸ ಕಳೆದುಕೊಂಡ ಸೈದಪ್ಪ ಎಂದಿನಂತೆ ಒಳಗೆ ಹೋಗಿ ನಲವತ್ಮೂರು ತಟ್ಟೆಗಳಿಗೆ ನೀರು ತುಂಬಿದ.

ಗುಲ್ಬರ್ಗಾದಲ್ಲಿ ಅವಳು ನಾಲ್ಕು ಕಚೇರಿಗಳ ಬಾಗಿಲಲ್ಲಿ ಕೂತಳು. ಒಂದು ಕಡೆ ಮಂಗನ ವಿಷಯ ಅರಣ್ಯದವರದು ಅಂದರು, ಅರಣ್ಯದವರು ರೋಗದ ವಿಷಯ ದವಾಖಾನೆಯದು ಅಂದರು, ಅಲ್ಲಿಯವರು ಮನುಷ್ಯರಿಗೆ ರೋಗ ಬಂದ ಮೇಲೆ ಬನ್ನಿರಿ ಅಂದರು. "ಬಂದದ, ಅದಕ್ಕೇ ಬಂದೀನಿ," ಎಂದು ಅವಳು ಅಲ್ಲೇ ಕೂತಳು. ಮೂರನೆಯ ದಿನ ಪಶುವೈದ್ಯ ಖಾತೆಯ ಒಬ್ಬ ಹಿರಿಯರು, ಶಿವರಾಯ ಎಂಬವರು, ಪತ್ರಗಳನ್ನು ಪೂರ್ತಿ ಓದಿದರು. ಎರಡು ಸಲ ಓದಿದರು. ಮರುದಿನವೇ ಜೀಪು ತೆಗೆದುಕೊಂಡು ಬಂದು ಗೋದಾಮಿನ ಬೀಗದ ಮೇಲೆ ಸರಕಾರದ ಮೊಹರು ಒತ್ತಿಸಿ, ಸೈದಪ್ಪನನ್ನೇ ದಿನಗೂಲಿಯ ಮೇಲೆ ಕಾವಲಿಗೆ ಇಟ್ಟರು.

ವಿಚಾರಣೆ ನಡೆದದ್ದು ಜೂನ್‌ನಲ್ಲಿ. ಅದಕ್ಕೆಂದು ನೇಮಕವಾದ ಅಧಿಕಾರಿಯ ಎದುರು ಬಸವಂತರಾಯರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದರು. ಸೈದಪ್ಪನ ಹೇಳಿಕೆಯನ್ನು ಗುಮಾಸ್ತ ಮೊದಲೇ ಬರೆದಿಟ್ಟಿದ್ದ.

"ಇಲ್ಲಿ ಹೆಬ್ಬೆಟ್ಟು ಒತ್ತು," ಎಂದ.

"ನನಗ ಸಹಿ ಬರ್ತದ್ರಿ. ಮೊದಲು ಓದ್ರಿ."

ಗುಮಾಸ್ತ ಗಡಿಬಿಡಿಯಲ್ಲಿ ಓದಿದ. ಕಚ್ಚಿದ ಮೇಲೆ ಚಿಕಿತ್ಸೆ ದೊರೆಯಿತು, ಸ್ವಇಚ್ಛೆಯಿಂದ ರಕ್ತ ಕೊಟ್ಟೆನು, ಈಗ ಆರೋಗ್ಯವಾಗಿದ್ದೇನೆ.

"ಸ್ವಇಚ್ಛೆ ಅಂದ್ರ?"

"ನಿನ್ನ ಮನಸ್ಸಿಲಿಂದ ಕೊಟ್ಟಿ ಅಂತ."

"ಹಂಗಲ್ಲ ಅದು. ಹಂಗ ಬರೀಬ್ಯಾಡ್ರಿ."

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಆ ಪದ ಹೊಡೆದು ಹಾಕಿ 'ರಕ್ತ ಕೊಟ್ಟೆನು' ಎಂದು ಓದಿದ.

"ಕೊಟ್ಟಿಲ್ಲ. ತಗೊಂಡಾರ. ಯಾಕ ಅಂತ ಕೇಳೇನಿ, ನನಗ ಹೇಳ್ಲಿಲ್ಲ. ಅದನ್ನ ಬರೀರಿ."

"ಎರಡೂ ಒಂದೇ ಆತಲ್ಲೋ ಮಾರಾಯ," ಎಂದರು ಅಧಿಕಾರಿ, ಗಡಿಯಾರ ನೋಡುತ್ತ.

"ಒಂದೇ ಆದ್ರ ನಾ ಹೇಳಿದ್ದೇ ಬರೀರಿ," ಎಂದ ಸೈದಪ್ಪ. ಅಷ್ಟೂ ದಿನ ಅವನು ನುಂಗಿಕೊಂಡ ಸಿಟ್ಟು ಆ ಒಂದು ಮಾತಿನಲ್ಲಿತ್ತು. ಅವನು ಬೈಯಲಿಲ್ಲ, ರಾಯರ ಕಡೆ ತಿರುಗಿಯೂ ನೋಡಲಿಲ್ಲ. ಬರೆಯುವ ತನಕ ಮೇಜಿನ ಅಂಚು ಹಿಡಿದು ನಿಂತೇ ಇದ್ದ. ಮೂರು ಸಲ ಬರೆದರು, ಮೂರು ಸಲ ಓದಿಸಿದ. ಊಟದ ಹೊತ್ತು ಮೀರಿತು. ಕೊನೆಯ ಕಾಗದದಲ್ಲಿ ಹೀಗಿತ್ತು: 'ಹದಿಮೂರು ಸಲ ನನ್ನ ರಕ್ತ ತೆಗೆದರು. ಯಾತಕ್ಕೆಂದು ಕೇಳಿದೆ. ನನಗೆ ಹೇಳಲಿಲ್ಲ.' ಸೈದಪ್ಪ ಪೆನ್ನು ತೆಗೆದುಕೊಂಡು ಒಂದೊಂದೇ ಅಕ್ಷರ ಒತ್ತಿ ಒತ್ತಿ ಹೆಸರು ಬರೆದ.

ಗೌಸಿಯಾಬೇಗಂಳ ಸರದಿ ಬಂದಾಗ ಅವಳು ಸೂಜಿ ಚುಚ್ಚಿದವಳು ತಾನೇ ಎಂಬುದನ್ನು ಮೊದಲ ಸಾಲಾಗಿ ಬರೆಸಿದಳು.

ಬಸವಂತರಾಯರಿಗೆ ಜೈಲಾಗಲಿಲ್ಲ. ಎಚ್ಚರಿಕೆಯ ಪತ್ರವೊಂದು ಬಂತು, ಸಂಸ್ಥೆ ಅವರನ್ನು ಬೇರೆ ರಾಜ್ಯದ ತನ್ನ ಶಾಖೆಗೆ ಕಳಿಸಿತು, ಲೇಖನ ಮುಂದಿನ ವರ್ಷ ಅಚ್ಚಾಯಿತು. ವೈರಸ್ ಚುಚ್ಚದ ಇಪ್ಪತ್ತೊಂದು ಮಂಗಗಳನ್ನು ಮತ್ತೆ ಎರಡು ಸಲ ಪರೀಕ್ಷಿಸಿ ಶಿವರಾಯರು ಬಿಡಿಸಿದರು. ಉಳಿದ ಇಪ್ಪತ್ತೆರಡನ್ನು ಕೊಲ್ಲಿರಿ ಎಂದು ಮೇಲಿನಿಂದ ಸಲಹೆ ಬಂದಾಗ ಸೈದಪ್ಪ ಒಪ್ಪಲಿಲ್ಲ. "ನನ್ನ ಮೈಯಾಗೂ ಅದೇ ಹೊಕ್ಕದ. ನನ್ನ ಏನ್ ಮಾಡ್ತೀರಿ?" ಎಂದು ಕೇಳಿದನಂತೆ. ಶಿವರಾಯರು ಆ ಸಲಹೆಯ ಕಾಗದಕ್ಕೆ ಉತ್ತರ ಬರೆಯದೆ ಬಿಟ್ಟರು. ಗೋದಾಮಿನಲ್ಲೇ ಅವು ಮುಪ್ಪಾಗಿ ಒಂದೊಂದಾಗಿ ಸತ್ತವು. ಪ್ರತಿಯೊಂದಕ್ಕೂ ಸೈದಪ್ಪ ಕುಣಿ ತೋಡಿದ.

ಮಲ್ಕಮ್ಮನ ರಕ್ತದಲ್ಲಿ ಏನೂ ಸಿಗಲಿಲ್ಲ. ಸೈದಪ್ಪನನ್ನು ಗೌಸಿಯಾಬೇಗಂ ವರ್ಷಕ್ಕೊಮ್ಮೆ ತಾನೇ ಕರೆದುಕೊಂಡು ಹೋಗಿ ಸೊಲ್ಲಾಪುರದ ದೊಡ್ಡ ಡಾಕ್ಟರಿಗೆ ತೋರಿಸುತ್ತಾಳೆ. ಅವಳು ಈಗ ಆಳಂದದಲ್ಲಿ, ಬಸ್‌ಸ್ಟ್ಯಾಂಡಿನ ಹಿಂದೆ, ಸಣ್ಣದೊಂದು ರಕ್ತ ಪರೀಕ್ಷೆಯ ಕೋಣೆ ನಡೆಸುತ್ತಾಳೆ. ಸೂಜಿ ಎತ್ತುವ ಮೊದಲು ಯಾವ ರೋಗಕ್ಕೆ, ಎಷ್ಟು ರಕ್ತ, ಅದು ಎಲ್ಲಿಗೆ ಹೋಗುತ್ತದೆ ಎಂದು ಪೂರಾ ಹೇಳುತ್ತಾಳೆ. ತಡವಾಗುತ್ತದೆ ಎಂದು ಬಂದವರು ಗೊಣಗುತ್ತಾರೆ. ಲಗೂ ಮುಗಸ್ರಿ ಬಾಯಿ, ಬಸ್ ಹೋಗ್ತದ, ಅನ್ನುತ್ತಾರೆ.

"ಹೋಗ್ಲಿ," ಎನ್ನುತ್ತಾಳೆ ಅವಳು. "ಕೇಳ್ರಿ ಮೊದಲು."